ಹಡೆದ ಮೇಲೆ ಬಯಕೆ ಕೇಳೋರು ಯಾರು?

(ಕಲಬುರಗಿಯಲ್ಲಿ ಮಹಿಳಾ ಸಂಘವೊಂದರ ಸಭೆಯಲ್ಲಿ ಆಡಿದ ಮಾತುಗಳು. ಬರೆದುಕೊಳ್ಳುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಸಭೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಮೈಕ್ ಬೇಡ ಅಂದೆ, ಆದರೂ ಕೊಟ್ಟಿದ್ದಾರೆ. ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದವರ ದನಿಗೆ ಮೈಕ್ ಬೇಕಾಗುವುದಿಲ್ಲ. ನಿವೃತ್ತಿ ಆದ ಮೇಲೂ ಮನೆಯಲ್ಲಿ ಎಲ್ಲರೂ ನನಗೆ "ಸಾವಕಾಶ ಮಾತಾಡು" ಅನ್ನುತ್ತಾರೆ.

ಮೊದಲು ಒಂದು ಪ್ರಶ್ನೆ. "ಬಸುರಿ ಬಯಕಿ ತೀರಿಸಲಿಲ್ಲ ಅಂದ್ರ ಕೂಸಿನ ಕಿವಿ ಸೋರ್ತದ" ಅನ್ನೋ ಮಾತು ಕೇಳಿದವರು ಕೈ ಎತ್ತಿ. ನೋಡಿದಿರಾ, ಹಿಂದಿನ ಸಾಲಿನ ಕಾಲೇಜು ಹುಡುಗಿಯರೂ ಎತ್ತಿದರು.

ಅದು ಸುಳ್ಳು. ಕಿವಿ ಸೋರುವುದು ಒಳಗೆ ಸೋಂಕು ಆದಾಗ. ನೆಗಡಿ ಬಂದ ಮೇಲೆ ಒಳಗೆ ಕೀವು ತುಂಬಿ, ಪರದೆಯಲ್ಲಿ ತೂತಾಗಿ ಹೊರಗೆ ಬರುತ್ತದೆ. ಕೂಸನ್ನು ಅಂಗಾತ ಮಲಗಿಸಿ ಬಾಯಿಗೆ ಹಾಲಿನ ಬಾಟಲಿ ಇಡುವ ರೂಢಿ ಇದ್ದರೆ ಇದು ಜಾಸ್ತಿ. ತಾಯಿ ಏಳನೇ ತಿಂಗಳಲ್ಲಿ ಮಾವಿನಕಾಯಿ ತಿಂದಳೋ ಬಿಟ್ಟಳೋ, ಕಿವಿಗೆ ಅದು ಗೊತ್ತೇ ಇರುವುದಿಲ್ಲ.

ಆದರೆ ಈ ಸುಳ್ಳಿನ ಮೇಲೆ ನನಗೆ ಸಿಟ್ಟಿಲ್ಲ. ಇದನ್ನು ಯಾರೋ ಜಾಣ ಹೆಂಗಸು ಹುಟ್ಟುಹಾಕಿರಬೇಕು ಅಂತ ನನ್ನ ಗುಮಾನಿ. ಯೋಚನೆ ಮಾಡಿ. ಎಲ್ಲರಿಗೂ ಬಡಿಸಿ, ಗಂಡಸರು ಉಂಡು, ಮಕ್ಕಳು ಉಂಡು, ಕೊನೆಗೆ ಬುಟ್ಟಿಯಲ್ಲಿ ಉಳಿದ ರೊಟ್ಟಿ ತಿನ್ನುವ ಸೊಸೆ "ನನಗ ಚಿಗಳಿ ತಿನ್ನಂಗಾಗ್ಯಾದ" ಅಂದರೆ ಯಾರು ಕೇಳುತ್ತಿದ್ದರು? ನಾಲಿಗೆ ಚಪಲ ಅನ್ನುತ್ತಿದ್ದರು. ಕೂಸಿನ ಕಿವಿ ಅಂದ ಕೂಡಲೇ ಅತ್ತೆ ಎದ್ದು ಹುಣಸೆಹಣ್ಣು, ಬೆಲ್ಲ, ಜೀರಿಗೆ ಹಾಕಿ ಕುಟ್ಟಿ ಕೊಟ್ಟಳು. ಮಾವ ಪ್ಯಾಟಿಗೆ ಹೋದವನು ಮರೆಯದೆ ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದ. ಅವಳ ಹೊಟ್ಟೆಗೆ ಬೇಕಾದ್ದು ಕೂಸಿನ ಹೆಸರಲ್ಲಿ ಸಿಕ್ಕಿತು.

ಇಲ್ಲೇ ನನ್ನ ತಕರಾರು ಇರುವುದು. ಕಿವಿಯ ಭಯ ಇರುವವರೆಗೆ ಮಾತ್ರ ನಾವು ಅವಳನ್ನು ಕೇಳುತ್ತೇವೆ. ಏಳನೇ ತಿಂಗಳ ಕುಬಸದ ದಿನ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ತವರಿನಿಂದ ಬಂದ ಬುತ್ತಿ ಬಿಚ್ಚಿ, ಹೋಳಿಗೆ, ಕರ್ಚಿಕಾಯಿ, ಕಟಕ ರೊಟ್ಟಿ, ಹಿಂಡಿ, ಮೊಸರನ್ನ ಎಲ್ಲಾ ಮುಂದಿಟ್ಟು "ಏನ್ ಬೇಕವ್ವಾ ನಿನಗ?" ಅಂತ ಹತ್ತು ಜನ ಕೇಳುತ್ತಾರೆ. ಅದೇ ಹುಡುಗಿ ಎರಡು ತಿಂಗಳ ಮೇಲೆ ಹಡೆದು ವಾರ್ಡಿನಲ್ಲಿ ಮಲಗಿದಾಗ ಒಬ್ಬರೂ ಕೇಳುವುದಿಲ್ಲ. ಕೂಸು ಹೊರಗೆ ಬಂತು, ಇನ್ನು ಕಿವಿಗೆ ಭಯ ಇಲ್ಲ. ಅಲ್ಲಿಂದ ಮುಂದೆ ಅವಳ ತಟ್ಟೆಗೆ ಏನು ಬೀಳಬೇಕು ಅನ್ನೋದನ್ನು ಅವಳೊಬ್ಬಳನ್ನು ಬಿಟ್ಟು ಊರೆಲ್ಲಾ ನಿರ್ಧಾರ ಮಾಡುತ್ತದೆ.

ಬಯಕೆ ಯಾಕೆ ಬರುತ್ತದೆ ಅಂತ ಬಹಳ ಜನ ಕೇಳುತ್ತಾರೆ. ಹಾರ್ಮೋನು ಏರುಪೇರಾಗಿ ಮೂಗು, ನಾಲಿಗೆ ಎರಡರ ವರಸೆಯೂ ಬದಲಾಗುತ್ತದೆ. ದಿನಾ ಹಾಕುವ ಒಗ್ಗರಣೆ ವಾಸನೆಗೇ ವಾಂತಿ ಬರುತ್ತದೆ. ಮೈಗೆ ಯಾವುದು ಕಡಿಮೆ ಇದೆಯೋ ಅದನ್ನೇ ಮೈ ಕೇಳುತ್ತದೆ ಅಂತ ಒಂದು ಮಾತಿದೆ. ಕೇಳೋಕೆ ಚೆಂದ, ಆದರೆ ಅದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ. ಅಮೆರಿಕದ ಹೆಂಗಸರು ಚಾಕಲೇಟು ಬಯಸುತ್ತಾರೆ, ನಮ್ಮವರು ಪುಂಡಿ ಪಲ್ಯ, ಹುಣಸೆ, ಉಪ್ಪಿನಕಾಯಿ ಬಯಸುತ್ತಾರೆ. ಬೆಳೆದ ಮನೆಯ ರುಚಿಯೇ ನೆನಪಾಗೋದು ಜಾಸ್ತಿ. ಸಕ್ಕರೆ ಕಾಯಿಲೆ, ಬಿಪಿ ಇಲ್ಲದಿದ್ದರೆ ಇಂಥ ಬಯಕೆಗೆ ಹೆದರಬೇಕಿಲ್ಲ, ಹದದಲ್ಲಿ ತಿನ್ನಲಿ.

ಇದಕ್ಕೆ ಹೊರತಾದ ಬಯಕೆ ಒಂದಿದೆ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಬಳಪ ತಿನ್ನೋದು. ಗೋಡೆಯ ಮಣ್ಣು ಕೆರೆದು ತಿನ್ನೋದು. ಒಲೆಯ ಬೂದಿ, ವಿಭೂತಿ ಗಟ್ಟಿ, ಹಸಿ ಅಕ್ಕಿ, ಮೊದಲ ಮಳೆಗೆ ವಾಸನೆ ಬರುತ್ತದಲ್ಲ ಆ ಮಣ್ಣು. ಫ್ರಿಜ್ ಇರುವ ಮನೆಯಲ್ಲಿ ಐಸ್ ಕಡಿಯೋದು, ಒಂದರ ಮೇಲೊಂದು, ತಟ್ಟೆಗಟ್ಟಲೆ. ವಾರ್ಡಿನಲ್ಲಿ ದಿಂಬಿನ ಕೆಳಗೆ ಬಳಪದ ಚೂರು ಇಟ್ಟುಕೊಂಡಿದ್ದವರನ್ನು ನೋಡಿದ್ದೇನೆ. ಕೇಳಿದರೆ "ಏನಿಲ್ರಿ ಸಿಸ್ಟರ್, ಮಗಂದು" ಅನ್ನುತ್ತಾರೆ. ಇದು ಚಪಲ ಅಲ್ಲ, ಹುಚ್ಚೂ ಅಲ್ಲ. ಹೀಗೆ ಊಟದ್ದಲ್ಲದ ವಸ್ತು ತಿನ್ನುವ ಬಯಕೆಗೂ ರಕ್ತದಲ್ಲಿ ಕಬ್ಬಿಣಾಂಶ ಕಡಿಮೆ ಇರುವುದಕ್ಕೂ ನಂಟಿದೆ ಅಂತ ವೈದ್ಯರಿಗೆ ಬಹಳ ಕಾಲದಿಂದ ಗೊತ್ತು. ಐಸ್ ಕಡಿಯುವವರಿಗೆ ಕಬ್ಬಿಣಾಂಶದ ಔಷಧ ಶುರು ಮಾಡಿದರೆ ಎಷ್ಟೋ ಸಲ ಆ ಚಟ ತಾನಾಗಿಯೇ ಬಿಟ್ಟುಹೋಗುತ್ತದೆ. ಮಣ್ಣಿನ ತೊಂದರೆ ಇನ್ನೂ ಜಾಸ್ತಿ. ಊಟದಲ್ಲಿ ಬಂದ ಕಬ್ಬಿಣಾಂಶವನ್ನು ಕೆಲವು ಬಗೆಯ ಜೇಡಿಮಣ್ಣು ಹೊಟ್ಟೆಯಲ್ಲೇ ಹಿಡಿದಿಟ್ಟು ಮೈಗೆ ಹೋಗಗೊಡುವುದಿಲ್ಲ. ಜಂತುಹುಳದ ಮೊಟ್ಟೆ ಬರುತ್ತದೆ, ಕೆಲವು ಮಣ್ಣಲ್ಲಿ ಸೀಸ ಇರುತ್ತದೆ. ರಕ್ತ ಕಡಿಮೆ ಆಗಿ ಮಣ್ಣು ತಿಂದಳು, ಮಣ್ಣು ತಿಂದು ರಕ್ತ ಇನ್ನೂ ಕಡಿಮೆ ಆಯಿತು.

ಅದಕ್ಕೇ ಬಸುರಿ ಬಳಪ ತಿನ್ನೋದು ಕಂಡರೆ ಬೈಯಬೇಡಿ. ಬೈದರೆ ಬಚ್ಚಲಲ್ಲಿ ಕೂತು ತಿನ್ನುತ್ತಾಳೆ. ಹಿಮೋಗ್ಲೋಬಿನ್ ಚೆಕ್ ಮಾಡಿಸಿ. ಗರ್ಭಿಣಿಗೆ 11 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತ ಕಡಿಮೆ ಅಂತ ಲೆಕ್ಕ, 7ಕ್ಕಿಂತ ಕೆಳಗೆ ಇದ್ದರೆ ಗಂಭೀರ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಗರ್ಭಿಣಿಯರಲ್ಲಿ ನೂರಕ್ಕೆ ಸುಮಾರು 46 ಮಂದಿಗೆ ರಕ್ತಹೀನತೆ ಇತ್ತು, ದೇಶದಲ್ಲಿ 52. ಹೆಚ್ಚುಕಮ್ಮಿ ಇಬ್ಬರಲ್ಲಿ ಒಬ್ಬರು.

ಇದಕ್ಕೆ ಅಷ್ಟೊಂದು ತಲೆಕೆಡಿಸಿಕೊಳ್ಳಬೇಕಾ ಅಂದರೆ, ಹೌದು. ಸಹಜ ಹೆರಿಗೆಯಲ್ಲೂ ಸ್ವಲ್ಪ ರಕ್ತ ಹೋಗೇ ಹೋಗುತ್ತದೆ, ಅರ್ಧ ಲೀಟರ್ ಮೀರಿದರೆ ನಾವು ಎಚ್ಚರ ಆಗುತ್ತೇವೆ. ಹಿಮೋಗ್ಲೋಬಿನ್ 12 ಇರುವವಳು ಅರ್ಧ ಲೀಟರ್ ತಡೆದುಕೊಳ್ಳುತ್ತಾಳೆ. 6 ಇರುವವಳಿಗೆ ಅಷ್ಟೇ ರಕ್ತ ಹೋದರೂ ಜೀವದ ಪ್ರಶ್ನೆ. ರಾತ್ರಿ ಎರಡು ಗಂಟೆಗೆ ರಕ್ತದ ಬಾಟಲಿಗೆ ಓಡಾಡುವ ಮನೆಯವರನ್ನು ನೋಡುವಾಗೆಲ್ಲ ನನಗೆ ಅನ್ನಿಸುತ್ತಿತ್ತು, ಈ ಓಟ ಐದನೇ ತಿಂಗಳಲ್ಲಿ ಮಾಡಿದ್ದರೆ ಮಾತ್ರೆಯಲ್ಲೇ ಮುಗಿಯುತ್ತಿತ್ತಲ್ಲಾ ಅಂತ.

ಕಬ್ಬಿಣಾಂಶದ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಕೊಡುತ್ತಾರೆ, ಆಶಾ ಅಕ್ಕ ಮನೆಗೇ ತಂದು ಕೊಡುತ್ತಾಳೆ. ನಾಲ್ಕನೇ ತಿಂಗಳಿಂದ ಶುರು ಮಾಡಿ ಬಸಿರಲ್ಲಿ 180 ದಿನ, ಹಡೆದ ಮೇಲೆ ಮತ್ತೆ 180 ದಿನ ತಗೋಬೇಕು. ಎಷ್ಟೋ ಮನೆಗಳಲ್ಲಿ ಅವು ಜಗುಲಿಯ ಮೇಲೆ ದೇವರ ಪಕ್ಕ ಕೂತಿರುತ್ತವೆ. ಯಾಕೆ ಅಂದರೆ ಮಲ ಕಪ್ಪಗೆ ಬರುತ್ತದೆ, ಹೊಟ್ಟೆ ಕಟ್ಟುತ್ತದೆ, ವಾಕರಿಕೆ ಬರುತ್ತದೆ. ಮಲ ಕಪ್ಪಗಾದರೆ ಏನೂ ಆಗಲ್ಲ. ವಾಕರಿಕೆ ಇದ್ದರೆ ರಾತ್ರಿ ಊಟ ಆದ ಮೇಲೆ ಸ್ವಲ್ಪ ಬಿಟ್ಟು ನುಂಗಿ. ಚಹಾದ ಜೊತೆ ಮಾತ್ರ ಬೇಡ. ನಮ್ಮ ಕಡೆ ಮುಂಜಾನೆ ಒಂದು, ಹನ್ನೊಂದಕ್ಕೆ ಒಂದು, ಯಾರಾದರೂ ಮನೆಗೆ ಬಂದರೆ ಒಂದು ಅಂತ ಚಹಾ ನಡೆದೇ ಇರುತ್ತದೆ. ಚಹಾದ ಒಗರು ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲ. ಮಾತ್ರೆಗೂ ಚಹಾಕ್ಕೂ, ಊಟಕ್ಕೂ ಚಹಾಕ್ಕೂ ಒಂದು ತಾಸು ಅಂತರ ಇರಲಿ. ನಿಂಬೆ ನೀರಿನ ಜೊತೆ ನುಂಗಿದರೆ ಚೆನ್ನಾಗಿ ಹತ್ತುತ್ತದೆ. ಕ್ಯಾಲ್ಸಿಯಂ ಮಾತ್ರೆ ಬೇರೆ ಹೊತ್ತಿಗೆ.

ಇನ್ನು ಆಸ್ಪತ್ರೆಯ ಮಾತು.

ನಮ್ಮ ಅಜ್ಜಿಯರು ಮನೆಯಲ್ಲೇ ಹಡೆದರು. ಒಲೆ ಹತ್ತು ಹೆಜ್ಜೆ ದೂರ ಇರುತ್ತಿತ್ತು. ಈಗ ಅದೇ ಸಮೀಕ್ಷೆ ಹೇಳುವಂತೆ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲಿ. ಬಹಳ ಒಳ್ಳೇದು, ಇದರಿಂದ ಜೀವಗಳು ಉಳಿದಿವೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಚಿಂಚೋಳಿ ಕಡೆಯ ಹಳ್ಳಿಯಿಂದಲೋ ಅಫಜಲಪುರದಿಂದಲೋ ಕಲಬುರಗಿಗೆ ಕಳಿಸಿದ ಹೆಂಗಸಿನ ಒಲೆ ಅಲ್ಲೇ ಉಳಿಯಿತು. ಇಲ್ಲಿ ಅವಳಿಗೆ ಬೆಡ್ಡು ಇದೆ, ಸಲಾಯಿನ್ ಇದೆ, ಡಾಕ್ಟರ್ ಇದ್ದಾರೆ. ಬಿಸಿ ರೊಟ್ಟಿ ಇಲ್ಲ.

ಮೊದಲು ನೋವು ಶುರುವಾದಾಗ ನಡೆಯೋದನ್ನು ಹೇಳುತ್ತೇನೆ. "ಏನೂ ಕೊಡಬೇಡಿ, ಬಾಯಿ ಬಂದ್" ಅಂತ ಎಷ್ಟೋ ಕಡೆ ಹೇಳಿಬಿಡುತ್ತಾರೆ. ಇದರ ಮೂಲ ಹಳೇದು. 1946ರಲ್ಲಿ ಮೆಂಡೆಲ್ಸನ್ ಅನ್ನೋ ಅಮೆರಿಕದ ಡಾಕ್ಟರ್, ಹೆರಿಗೆಗೆ ಪೂರ್ತಿ ಮಂಪರು ಕೊಟ್ಟಾಗ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗಿ ಅಪಾಯ ಆದದ್ದನ್ನು ಬರೆದರು. ಆಗ ಅದು ನ್ಯಾಯವಾದ ಭಯ. ಈಗ ಸಿಸೇರಿಯನ್ ಬಹುತೇಕ ಬೆನ್ನಿಗೆ ಸೂಜಿ ಕೊಟ್ಟು ಮಾಡುತ್ತಾರೆ, ಹೆಂಗಸು ಎಚ್ಚರವಾಗಿಯೇ ಇರುತ್ತಾಳೆ. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಅಪಾಯದ ಲಕ್ಷಣ ಇಲ್ಲದ ಹೆಂಗಸು ನೋವಿನ ಹೊತ್ತಲ್ಲಿ ನೀರು ಕುಡಿಯಲಿ, ಹಗುರ ಊಟ ಮಾಡಲಿ ಅಂತಲೇ ಹೇಳಿದೆ. ಚೊಚ್ಚಲ ಹೆರಿಗೆಗೆ ಹನ್ನೆರಡು ತಾಸು ನೋವು ತಿನ್ನುವುದು ಏನೂ ಹೊಸದಲ್ಲ. ಅಷ್ಟು ಹೊತ್ತು ಗುಟುಕು ನೀರಿಲ್ಲದೆ ಮೇ ತಿಂಗಳ ಕಲಬುರಗಿಯಲ್ಲಿ ಮಲಗಿ ನೋಡಿ! ಆಪರೇಷನ್ ಇದೆ ಅಂತ ಮೊದಲೇ ಗೊತ್ತಿದ್ದರೆ ಮಾತು ಬೇರೆ. ಆಗ ಹಗುರ ಊಟ ಆರು ತಾಸು ಮುಂಚೆ ನಿಲ್ಲಿಸಬೇಕು, ನೀರು ಎರಡು ತಾಸು ಮುಂಚೆ. ಎಣ್ಣೆ ಪದಾರ್ಥಕ್ಕೆ ಇನ್ನೂ ಜಾಸ್ತಿ ಹೊತ್ತು ಬೇಕು. ನೀವಾಗಿ ತೀರ್ಮಾನ ಮಾಡಬೇಡಿ, ಆದರೆ ಕೇಳಿ. "ಡಾಕ್ಟರ್ರೇ, ಇಕಿಗೆ ನೀರು ಕೊಡಬಹುದೇನ್ರಿ?" ಅಂತ ಕೇಳೋದಕ್ಕೆ ದುಡ್ಡು ಬೀಳುವುದಿಲ್ಲ.

ಸಿಸೇರಿಯನ್ ಆದ ಮೇಲೂ ಹಾಗೇ. ಗಾಳಿ ಹೋಗೋವರೆಗೆ ಏನೂ ಕೊಡಬಾರದು ಅನ್ನೋದು ಹಳೇ ಪದ್ಧತಿ. ತೊಂದರೆ ಇಲ್ಲದ ಆಪರೇಷನ್ ಆಗಿದ್ದರೆ ಕೆಲವೇ ತಾಸಿನಲ್ಲಿ ಕುಡಿಯಲು, ಮೆತ್ತಗಿನದು ತಿನ್ನಲು ಕೊಡಬಹುದು ಅಂತ ಈಗಿನ ತಿಳಿವಳಿಕೆ. ಬೇಗ ತಿಂದರೆ ಕರುಳೂ ಬೇಗ ಕೆಲಸ ಶುರು ಮಾಡುತ್ತದೆ.

ಸರ್ಕಾರಿ ಆಸ್ಪತ್ರೆಯಲ್ಲಿ ಊಟ ನಿಮ್ಮ ಹಕ್ಕು. 2011ರ ಜೂನ್ 1ರಂದು ಶುರುವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ರಕ್ತ, ಪರೀಕ್ಷೆ, ಬಂದು ಹೋಗುವ ಗಾಡಿ ಎಲ್ಲಾ ಪುಕ್ಕಟೆ. ಸಹಜ ಹೆರಿಗೆಗೆ ಮೂರು ದಿನ, ಸಿಸೇರಿಯನ್ ಆದರೆ ಏಳು ದಿನದವರೆಗೆ ಊಟವೂ ಪುಕ್ಕಟೆ. "ಊಟ ಎಲ್ಲಿ?" ಅಂತ ಕೇಳಿದರೆ ಅದು ಜಗಳ ಅಲ್ಲ.

ಊಟ ಬರುತ್ತದೆ. ಅನ್ನ, ಸಾರು, ಬ್ರೆಡ್ಡು, ಹಾಲು, ಕೆಲವು ಕಡೆ ತತ್ತಿ. ಹೊಟ್ಟೆ ತುಂಬುತ್ತದೆ, ಇಲ್ಲ ಅನ್ನಲ್ಲ. ಆದರೆ ಹುಟ್ಟಿದಾಗಿನಿಂದ ಜೋಳದ ರೊಟ್ಟಿ ಉಂಡವಳು ಎರಡು ತುತ್ತು ಅನ್ನ ತಿಂದು ತಟ್ಟೆ ಸರಿಸುತ್ತಾಳೆ. ಅವಳ ಅವ್ವ ಆಸ್ಪತ್ರೆ ಎದುರಿನ ಗಾಡಿಯಲ್ಲಿ ಇಡ್ಲಿ ತರುತ್ತಾಳೆ, ಅದೂ ದುಡ್ಡಿದ್ದರೆ. ಅವ್ವನೇ ಎಷ್ಟೋ ಸಲ ಚಹಾ ಬಿಸ್ಕೀಟಿನ ಮೇಲೆ ದಿನ ಕಳೆದಿರುತ್ತಾಳೆ, ಊಟ ಇರೋದು ಬಾಣಂತಿಗೆ ಮಾತ್ರ ಅಲ್ವಾ? ಮಗಳು ಅರ್ಧ ತಟ್ಟೆ ಅವ್ವನ ಕಡೆ ದೂಡುತ್ತಾಳೆ. "ನೀ ಉಣ್ಣು", "ಇಲ್ಲ, ನೀ ಉಣ್ಣು." ಇದನ್ನು ನಾನು ಲೆಕ್ಕವಿಲ್ಲದಷ್ಟು ಸಲ ನೋಡಿದ್ದೇನೆ. ಪಕ್ಕದ ಬೆಡ್ಡಿನವರು ಡಬ್ಬಿ ತೆಗೆದು ಹಂಚದೇ ಹೋಗಿದ್ದರೆ ಎಷ್ಟೋ ಅವ್ವಂದಿರು ಉಪವಾಸವೇ ಇರುತ್ತಿದ್ದರು. ವಾರ್ಡಿನಲ್ಲಿ ಜಾತಿ ಧರ್ಮ ಕೇಳದೆ ಮುಸ್ಲಿಂ ಮನೆಗಳ ಬಾಣಂತಿ ಪಾಯಸ ಹರೀರಾ, ಅಂಟಿನುಂಡಿ, ಶೇಂಗಾ ಹಿಂಡಿ ಎಲ್ಲಾ ಬೆಡ್ಡಿಂದ ಬೆಡ್ಡಿಗೆ ಓಡಾಡುತ್ತಿದ್ದವು. ಸುಮ್ನೆ ಹೇಳ್ತಿಲ್ಲ, ಹರೀರಾ ಮಾಡೋದನ್ನು ನಾನು ಅಲ್ಲೇ ಕಲಿತದ್ದು.

ಈ ಊಟದ ಗೋಳೇ ಎಷ್ಟೋ ಜನ ಬೇಗ ಡಿಸ್ಚಾರ್ಜ್ ಕೇಳಲು ಒಂದು ಕಾರಣ. ಸಹಜ ಹೆರಿಗೆಯಾದರೂ 48 ತಾಸು ಇರಿ ಅನ್ನುತ್ತೇವೆ. ರಕ್ತಸ್ರಾವದ ಅಪಾಯ ಮೊದಲ ದಿನ ಜಾಸ್ತಿ. ಕೂಸಿಗೆ ಕಾಮಾಲೆ ಬಂದರೆ ಎರಡನೇ ಮೂರನೇ ದಿನ ಕಾಣಿಸುತ್ತದೆ. ಹಾಲು ಹಿಡಿಯೋದನ್ನು ಕಲಿಯಲೂ ಹೊತ್ತು ಬೇಕು. ಆದರೆ ಡಿಸೆಂಬರ್ ಜನವರಿಯಲ್ಲಿ ತೊಗರಿ ರಾಶಿ ನಡೆದಿರುತ್ತದೆ, ಮನೆಯಲ್ಲಿ ಇನ್ನೊಂದು ಮಗು ಅಳುತ್ತಿರುತ್ತದೆ, ಗಂಡ ಬೆಂಗಳೂರಿನಲ್ಲೋ ಮುಂಬೈಯಲ್ಲೋ ಕಟ್ಟಡದ ಕೆಲಸಕ್ಕೆ ಹೋಗಿರುತ್ತಾನೆ. "ಮನಿಗೆ ಹೋದ್ರ ಬಿಸಿ ರೊಟ್ಟಿ ತಿಂತಾಳ, ಬಿಡ್ರಿ ಸಿಸ್ಟರ್" ಅನ್ನುತ್ತಾರೆ. ಏನು ಹೇಳೋದು? ರೊಟ್ಟಿ ಆಸ್ಪತ್ರೆಗೆ ಬಂದರೆ ಅವಳು ಇನ್ನೊಂದು ದಿನ ಇರುತ್ತಾಳೆ. ನಿಮ್ಮಂಥ ಸಂಘಗಳು ಊರಿನವರು ಯಾರಾದರೂ ಹೆರಿಗೆಗೆ ಬಂದಿದ್ದಾರೆ ಅಂತ ಗೊತ್ತಾದರೆ ಒಂದು ಹೊತ್ತಿನ ಡಬ್ಬಿ ಕಳಿಸಿ, ಇಬ್ಬರಿಗಾಗುವಷ್ಟು. ನಾನು ಕೇಳಲು ಬಂದದ್ದು ಇದೊಂದೇ.

ಮನೆಗೆ ಹೋದ ಮೇಲೆ ಪಥ್ಯ ಶುರು. ಬಾಣಂತನದಲ್ಲಿ ಒಳ್ಳೇದು ಬಹಳ ಇದೆ. ಅಂಟಿನುಂಡಿ, ಉತ್ತತ್ತಿ, ಕೊಬ್ಬರಿ, ಅಳವಿ ಪಾಯಸ, ಎಣ್ಣೆ ನೀರು, ನಲವತ್ತು ದಿನ ಕೆಲಸ ಇಲ್ಲ. ಬೆಳ್ಳುಳ್ಳಿಯ ಬಗ್ಗೆ ಒಂದು ತಮಾಷೆ ಇದೆ. 1991ರಲ್ಲಿ ಅಮೆರಿಕದಲ್ಲಿ ಪರೀಕ್ಷೆ ಮಾಡಿ ನೋಡಿದರು. ತಾಯಿ ಬೆಳ್ಳುಳ್ಳಿ ತಿಂದರೆ ಅದರ ವಾಸನೆ ಎದೆಹಾಲಿಗೆ ಬರುತ್ತದೆ, ಕೂಸು ಮುಖ ತಿರುಗಿಸುವ ಬದಲು ಇನ್ನೂ ಹೆಚ್ಚು ಹೊತ್ತು ಮೊಲೆ ಹಿಡಿದಿತ್ತು. ನಮ್ಮ ಮುದುಕಿಯರಿಗೆ ಹೇಳಿದರೆ ನಗುತ್ತಾರೆ.

ತೊಂದರೆ ಇರುವುದು "ಬ್ಯಾಡ" ಅನ್ನೋ ಪಟ್ಟಿಯಲ್ಲಿ. ನೀರು ಬ್ಯಾಡ, ಹೊಟ್ಟಿ ಬರ್ತದ. ಮೊಸರು ಬ್ಯಾಡ, ಥಂಡಿ. ಕಾಯಿಪಲ್ಯ ಬ್ಯಾಡ, ನಂಜು. ಹಣ್ಣು ಬ್ಯಾಡ. ಕೊನೆಗೆ ಉಳಿಯೋದು ಬಿಳಿ ಅನ್ನ, ತುಪ್ಪ, ಮೆಣಸಿನ ಸಾರು. ಹಾಲು ಕುಡಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ 600 ಕ್ಯಾಲರಿ ಹೆಚ್ಚು ಬೇಕು ಅಂತ ನಮ್ಮ ದೇಶದ ಲೆಕ್ಕ, ಬಸುರಿಗಿಂತ ಜಾಸ್ತಿ. ಬಸುರಿಗೆ 350 ಅಷ್ಟೇ. ಬಸುರಿಗೆ ಹತ್ತು ಬಗೆ, ಅವಳಿಗಿಂತ ಹೆಚ್ಚು ಬೇಕಾದವಳಿಗೆ ಮೂರು ಬಗೆ! ಬರೀ ಪಾಲಿಶ್ ಅಕ್ಕಿಯ ಮೇಲೆ ತಿಂಗಳುಗಟ್ಟಲೆ ಇಟ್ಟರೆ ಬಿ1 ಅನ್ನೋ ಜೀವಸತ್ವ ಹಾಲಿನಲ್ಲಿ ಕಡಿಮೆಯಾಗುತ್ತದೆ. ಹಾಗಾದ ಕೂಸುಗಳಿಗೆ ಏಕಾಏಕಿ ಉಸಿರಾಟದ ತೊಂದರೆ, ಹೃದಯದ ತೊಂದರೆ ಬಂದು, ಬಿ1 ಇಂಜೆಕ್ಷನ್ ಕೊಟ್ಟ ಮೇಲೆ ಚೇತರಿಸಿಕೊಂಡದ್ದನ್ನು ನಮ್ಮ ರಾಜ್ಯದ ಡಾಕ್ಟರುಗಳೇ ದಾಖಲಿಸಿದ್ದಾರೆ. ಜೋಳದಲ್ಲಿ, ಬೇಳೆಯಲ್ಲಿ, ಶೇಂಗಾದಲ್ಲಿ ಬಿ1 ಇದೆ. ಜೋಳ, ತೊಗರಿ ಬೆಳೆಯುವ ನಾಡಿನ ಬಾಣಂತಿಗೆ ರೊಟ್ಟಿ ಜಡ, ಬೇಳೆ ವಾಯು ಅಂತ ಬಿಡಿಸಿ ಬಿಳಿ ಅನ್ನ ಹಾಕುವುದು ಯಾವ ನ್ಯಾಯ ಹೇಳಿ.

ನೀರು ಕುಡಿದರೆ ಹೊಟ್ಟೆ ಬರೋದಿಲ್ಲ. ನೀರು ಕುಡಿಯದಿದ್ದರೆ ಮಲ ಗಟ್ಟಿಯಾಗಿ, ಹೊಲಿಗೆ ಹಾಕಿದ ಜಾಗದಲ್ಲಿ ಏನಾಗುತ್ತದೆ ಅಂತ ಹಡೆದವರಿಗೆ ಗೊತ್ತು. ಹೊರಗೆ 42 ಡಿಗ್ರಿ ಇರುವಾಗ ಕಿಟಕಿ ಮುಚ್ಚಿ, ಕಿವಿಗೆ ಬಟ್ಟೆ ಕಟ್ಟಿ, ಮಂಚದ ಕೆಳಗೆ ಕೆಂಡ ಇಡುವುದನ್ನು ದಯವಿಟ್ಟು ಬಿಡಿ. ಹೊಗೆ ಕೂಸಿನ ಎದೆಗೆ ಹೋಗುತ್ತದೆ.

ಇಲ್ಲಿಗೆ ಮಾತು ನಿಲ್ಲಿಸಿದೆ. ಪ್ರಶ್ನೆಗಳು ಬಂದವು. ಒಬ್ಬ ಹುಡುಗಿ ಪಪ್ಪಾಯಿ ಬಗ್ಗೆ ಕೇಳಿದಳು. ಕಾಯಿ ಬೇಡ, ಅದರ ಹಾಲು ಒಳ್ಳೇದಲ್ಲ. ಪೂರ್ತಿ ಹಣ್ಣಾದದ್ದು ಹದದಲ್ಲಿ ನಡೆಯುತ್ತದೆ ಅಂದೆ. ಇನ್ನೊಬ್ಬರು ಕೇಸರಿ ಹಾಲು ಕುಡಿದರೆ ಕೂಸು ಕೆಂಪಗೆ ಹುಟ್ಟುತ್ತದಾ ಅಂದರು. ಇಲ್ಲ. ಅದೇ ದುಡ್ಡಿಗೆ ತತ್ತಿ ತನ್ನಿ ಅಂದೆ.

ಕೊನೆಗೆ ಒಬ್ಬ ಅವ್ವ ಎದ್ದು, "ನನ್ನ ಸೊಸಿಗೆ ಆಪರೇಷನ್ ಆಗಿ ಮೂರು ದಿನ ಆತ್ರಿ, ಇಲ್ಲೇ ಆಸ್ಪತ್ರ್ಯಾಗ ಅದಾಳ. ಸಂಜಿಗೆ ಡಬ್ಬ್ಯಾಗ ಏನ್ ಒಯ್ಯಲಿ?" ಅಂದರು. ಡಾಕ್ಟರ್ ಎಲ್ಲಾ ತಿನ್ನಬಹುದು ಅಂದಿದ್ದಾರಾ ಅಂತ ಕೇಳಿದೆ. ಹೌದಂತೆ. ಹಾಗಾದರೆ ಅವಳಿಗೇ ಫೋನ್ ಹಚ್ಚಿ ಕೇಳಿ ಅಂದೆ. ಅಲ್ಲೇ ನಿಂತು ಹಚ್ಚಿದರು, ಸ್ಪೀಕರ್ ಹಾಕಿ. ಆ ಕಡೆಯಿಂದ ಸ್ವಲ್ಪ ಹೊತ್ತು ದನಿಯೇ ಇಲ್ಲ. ಆಮೇಲೆ, "ಸುಸಲಾ ತರ್ರಿ ಅತ್ತಿ. ಎರಡು ಮಿರ್ಚಿನೂ ಇಟ್ಟು ತರ್ರಿ."

ಸಭೆಯೆಲ್ಲಾ ನಕ್ಕಿತು. ಅತ್ತೆ ನನ್ನ ಮುಖ ನೋಡಿದರು. ಸುಸಲಾ ಅಂದರೆ ಚುರುಮುರಿ ನೆನೆಸಿ ಹಾಕುವ ಒಗ್ಗರಣೆ. ಅದಕ್ಕೆ ಪುಠಾಣಿ ಹಿಟ್ಟು, ಶೇಂಗಾ ಜಾಸ್ತಿ ಹಾಕಿ, ನಿಂಬೆಹಣ್ಣು ಹಿಂಡಿ, ಮಿರ್ಚಿ ಒಂದು ಸಾಕು ಅಂದೆ. ಜೊತೆಗೆ ಒಂದು ಬಾಟಲಿ ನೀರು.